ಅತ್ತೆಯ ಕಾಲಡಿಯ ಕಾವು

ನಮ್ಮ ಅತ್ತೆ ಸ್ನಾನವಾಗದೆ ಪೂಜೆ ಮಾಡುವವರಲ್ಲ, ಪೂಜೆಯಾಗದೆ ಬಾಯಿಗೆ ಹನಿ ಚಹಾ ಹಾಕುವವರೂ ಅಲ್ಲ. ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿದ ಮೇಲೆಯೇ ಅವರ ದಿನದ ಮೊದಲ ತುತ್ತು. ನಾನು ಸೊಸೆಯಾಗಿ ಬಂದು ಮೂವತ್ತೆಂಟು ವರ್ಷವಾಯಿತು, ಈ ಕ್ರಮ ಒಂದು ದಿನ ತಪ್ಪಿದ್ದನ್ನು ನೋಡಿಲ್ಲ. ಜ್ವರದಲ್ಲಿ ನಡುಗುತ್ತಲೂ ಎದ್ದು ಹೋಗಿ ಮಿಂದು ಬಂದವರು ಅವರು. ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಐದೂವರೆಗೆ ಏಳುತ್ತಿದ್ದರು, ಆರಕ್ಕೆ ಸ್ನಾನ, ಏಳಕ್ಕೆಲ್ಲ ರೊಟ್ಟಿ ಮುರಿಯುತ್ತ ಕೂತಿರುತ್ತಿದ್ದರು. ತೊಂದರೆ ಶುರುವಾದದ್ದು ನನ್ನಿಂದಲೇ.

ಹಾನಗಲ್ಲಿನ ನಮ್ಮ ಮನೆಯ ಬಚ್ಚಲು ಹಳೆಯ ಕಾಲದ್ದು. ಮೂಲೆಯಲ್ಲಿ ನೀರೊಲೆ, ಅದರ ಮೇಲೆ ಹೂತ ತಾಮ್ರದ ಹಂಡೆ, ನೆಲಕ್ಕೆ ಶಹಾಬಾದಿನ ಫರ್ಸಿ ಕಲ್ಲು. ಗೋಡೆಯೆಲ್ಲ ಮಸಿ. ಶಿಗ್ಗಾಂವಿಯಿಂದ ಮದುವೆಯಾಗಿ ಬಂದಾಗಿನಿಂದ ಆ ಒಲೆಗೆ ಊದಿ ಊದಿ ನನ್ನ ಕಣ್ಣು ಕೆಂಪಾಗಿವೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಟೀಚರು ಮನೆಗೆ ಬಂದು ಹಸಿ ಕಟ್ಟಿಗೆಯ ಹೊಗೆ ಕುಡಿಯುತ್ತ ಕೂರಬೇಕೆಂದರೆ ಸಿಟ್ಟು ಬರದೆ ಇರುತ್ತದೆಯೇ? ನನಗಂತೂ ಬರುತ್ತಿತ್ತು. ನಿವೃತ್ತಿಯಾದ ಮೊದಲ ಬೇಸಿಗೆಯಲ್ಲೇ ಗೌಂಡಿಯನ್ನು ಕರೆಸಿ ಒಲೆ ಕೀಳಿಸಿದೆ. ಗೀಜರು ಬಂತು, ಗೋಡೆಗೂ ನೆಲಕ್ಕೂ ಬಿಳಿ ಟೈಲ್ಸು ಬಂದವು. ಬಂದವರನ್ನೆಲ್ಲ ಕರೆದುಕೊಂಡು ಹೋಗಿ ಬಚ್ಚಲು ತೋರಿಸಿದ್ದೇ ತೋರಿಸಿದ್ದು. ಅತ್ತೆ ಬಾಗಿಲಲ್ಲಿ ನಿಂತು ಒಂದು ಸುತ್ತು ಕಣ್ಣಾಡಿಸಿದರು.

"ಚಲೋ ಆಗೇತಿ ಬಿಡ. ದವಾಖಾನಿ ಆದಂಗ ಆಗೇತಿ."

ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಚಳಿಗಾಲ ಬಂದಾಗ ಗೊತ್ತಾಯಿತು. ಒಲೆ ಉರಿಯುತ್ತಿದ್ದಷ್ಟು ಕಾಲ ಅದರ ಕಾವು ಫರ್ಸಿಯಲ್ಲಿ ಹರಡಿ ಬಚ್ಚಲಿನ ನೆಲ ಬೆಚ್ಚಗಿರುತ್ತಿತ್ತು. ಈಗಿನ ಟೈಲ್ಸು ಬೆಳಗಿನ ಜಾವ ಕಾಲಿಟ್ಟರೆ ಕೊರೆಯುತ್ತದೆ. ಅತ್ತೆಗೆ ಎಂಬತ್ತು ದಾಟಿದೆ, ಹತ್ತು ವರ್ಷದ ಶುಗರು. ಪಾದಗಳು ಅರ್ಧ ಜೋಮು ಹಿಡಿದಿವೆ, ಆದರೆ ಥಂಡಿ ತಾಗಿದರೆ ಸೂಜಿ ಚುಚ್ಚಿದ ಹಾಗೆ ನೋಯುತ್ತವಂತೆ. ಇದನ್ನು ಆಗ ಅವರು ಬಾಯಿಬಿಟ್ಟು ಹೇಳಲಿಲ್ಲ. ಆರರ ಸ್ನಾನ ಎಂಟಕ್ಕೆ ಹೋಯಿತು, ಎಂಟರದ್ದು ಹತ್ತಕ್ಕೆ. ಕೊನೆಗೆ ಹಿತ್ತಲಲ್ಲಿ ಬಿಸಿಲು ಬಂದು, ಅರಿವೆ ಒಗೆಯುವ ಕಲ್ಲು ಕಾದ ಮೇಲೆ, ಅಲ್ಲಿ ತಗಡಿನ ಮರೆಯಲ್ಲಿ ಮೀಯುವುದೇ ಅವರ ರೂಢಿಯಾಯಿತು. ಪೂಜೆ ಮುಗಿಯುವಾಗ ಮಧ್ಯಾಹ್ನ ಒಂದು ಗಂಟೆ. ಅಲ್ಲಿಯವರೆಗೆ ಖಾಲಿ ಹೊಟ್ಟೆ.

ಒಂದು ದಿನ ಹನ್ನೊಂದರ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಕುಸಿದುಬಿದ್ದರು. ಮೈಯೆಲ್ಲ ಬೆವರು, ಕಣ್ಣು ಮೇಲೆ. ಶುಗರು ಇಳಿದಿದೆ ಎಂದು ತಿಳಿದು ನಾನು ಓಡಿ ಹೋಗಿ ಬಾಯಿಗೆ ಸಕ್ಕರೆ ಹಾಕಿದೆ. ಎಚ್ಚರ ಬಂದ ಮೇಲೆ ಅವರು ಮೊದಲು ಕೇಳಿದ್ದು, "ಪೂಜಿ ಆಗೂದಕ್ಕ ಮೊದಲ ನನ್ನ ಬಾಯಾಗ ಏನ ಹಾಕಿದಿ?" ಎಂದು. ಸತ್ತು ಬದುಕಿದ ಮನುಷ್ಯರ ಮಾತೇ ಇದು!

ಡಾಕ್ಟರು ನನ್ನನ್ನೂ ನನ್ನ ಗಂಡನನ್ನೂ ಹೊರಗೆ ಕರೆದು ಸ್ಪಷ್ಟವಾಗಿ ಹೇಳಿದರು. ಬೆಳಿಗ್ಗೆ ಎಂಟರೊಳಗೆ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಇಲ್ಲದಿದ್ದರೆ ಇನ್ನೊಮ್ಮೆ ಹೀಗೆ ಬಿದ್ದಾಗ ಏಳುತ್ತಾರೆಂದು ಹೇಳುವ ಧೈರ್ಯ ನನಗಿಲ್ಲ ಎಂದರು.

ಗಂಡನಿಗೆ ಬೀಜದ ಅಂಗಡಿ. ರೈತರಿಗೆ ಬುದ್ಧಿ ಹೇಳಿ ಅಭ್ಯಾಸವಾದವರು, ಆದರೆ ಅವ್ವನ ಮುಂದೆ ಆ ಬುದ್ಧಿ ನಡೆಯುವುದಿಲ್ಲ. "ಯವ್ವಾ, ಮೊದಲ ಒಂದೀಟ ತಿನ್ನು, ಆಮ್ಯಾಲೆ ಪೂಜಿ ಮಾಡು" ಎಂದರು. "ನೀ ಅಂಗಡಿಗೆ ಹೋಗಪಾ" ಎಂದು ಉತ್ತರ ಬಂತು. ಬಚ್ಚಲಿಗೆ ಚಪ್ಪಲಿ ಹಾಕಿಕೊಳ್ಳಿರಿ ಎಂದರೆ, ಮಡಿಯಲ್ಲಿ ಚಪ್ಪಲಿಯೇ ಎಂದರು. ರಬ್ಬರಿನ ಮ್ಯಾಟು ಹಾಸಿದೆ, ಅದರ ಮೇಲೆ ಕಾಲು ಜಾರಿ ಗೋಡೆ ಹಿಡಿದುಕೊಂಡರು. ಮೊದಲೇ ನಾಲ್ಕು ಕೊಡ ಬಿಸಿನೀರು ಚೆಲ್ಲಿಟ್ಟೆ, ಅವರು ಸೀರೆ ಬಿಚ್ಚಿ ಕೂರುವುದರೊಳಗೆ ನೆಲ ಮತ್ತೆ ಥಣ್ಣಗಾಗಿತ್ತು.

ನೆಲದ ಕೆಳಗೇ ಕಾವು ಕೊಡುವ ತಂತಿ ಹಾಸುತ್ತಾರೆ ಎಂದು ನಾನು ನೋಡಿದ್ದು ಫೋನಿನಲ್ಲಿ. ಹಿಮ ಬೀಳುವ ಊರಿನವರ ಬಚ್ಚಲುಗಳವು. ಹಾನಗಲ್ಲಿನಲ್ಲಿ ಇದನ್ನು ಕೇಳಿದರೆ ಜನ ನನ್ನ ತಲೆ ಕೆಟ್ಟಿದೆ ಎನ್ನುತ್ತಾರೆ ಎಂದು ಗೊತ್ತಿತ್ತು. ಗಂಡ ಅಂದೇ ಅಂದರು. ಆದರೆ ನಮ್ಮ ಮನೆಯ ವೈರಿಂಗು ಮಾಡಿದ್ದ ಸವಣೂರಿನ ಎಲೆಕ್ಟ್ರಿಷಿಯನ್ ಮಾತ್ರ ನಗಲಿಲ್ಲ. ವಯಸ್ಸಾದ ಮನುಷ್ಯ, ಬಾಯಲ್ಲಿ ಸದಾ ಸವಣೂರಿನ ವೀಳ್ಯದೆಲೆ. ನನ್ನ ಫೋನನ್ನು ಹತ್ತು ನಿಮಿಷ ತಿರುಗಿಸಿ ಮುರುಗಿಸಿ ನೋಡಿದ.

"ಆಗತೈತ್ರಿ ಟೀಚರ್. ಹಾಸೂದು ಏನ ದೊಡ್ಡ ಕೆಲಸಲ್ಲ. ನೀರು, ಕರೆಂಟು ಎರಡೂ ಒಂದ ಜಾಗಾದಾಗ ಬರ್ತಾವಲ್ಲ, ಅದಕ್ಕ ಅರ್ಥಿಂಗ್ ಖಡಕ್ ಇರಬೇಕು. ಆ ಜವಾಬ್ದಾರಿ ನಂದು."

ಹುಬ್ಬಳ್ಳಿಯ ಅಂಗಡಿಯೊಂದರ ಮೂಲಕ ಅವನೇ ಸಾಮಾನು ತರಿಸಿದ. ಒಂದು ತೆಳ್ಳನೆಯ ಜಾಳಿಗೆ, ಅದರ ಮೇಲೆ ಹಾವಿನ ಹಾಗೆ ಹೊರಳಿ ಹೊರಳಿ ಹೋದ ತಂತಿ. ಇಷ್ಟೇನಾ ಎನಿಸಿತು ನನಗೆ. ಗೌಂಡಿ ನಾನು ಮೆರೆದಿದ್ದ ಬಿಳಿ ಟೈಲ್ಸನ್ನೆಲ್ಲ ಚಾಣದಿಂದ ಹೊಡೆದು ಕಿತ್ತುಹಾಕಿದ. ಪ್ರತಿಯೊಂದು ಏಟಿಗೂ ನನ್ನ ಹೊಟ್ಟೆ ಉರಿಯಿತು, ಆದರೆ ತಪ್ಪು ನನ್ನದೇ ಆದ್ದರಿಂದ ಬಾಯಿ ಮುಚ್ಚಿಕೊಂಡಿದ್ದೆ. ಕಾವು ಕೆಳಗೆ ಮಣ್ಣಿಗೆ ಇಳಿಯದಂತೆ ಮೊದಲು ಒಂದು ಹಲಗೆಯಂಥದ್ದನ್ನು ಹಾಸಿದರು. ಅದರ ಮೇಲೆ ಜಾಳಿಗೆ. ನೀರು ಮೋರಿಯ ಕಡೆ ಹರಿಯುವಂತೆ ಇಳಿಜಾರು ಕೊಡುವಾಗ ಗೌಂಡಿಗೂ ಎಲೆಕ್ಟ್ರಿಷಿಯನ್ನನಿಗೂ ಜಗಳವೇ ಆಯಿತು. ಒಬ್ಬನಿಗೆ ನೀರಿನ ಚಿಂತೆ, ಇನ್ನೊಬ್ಬನಿಗೆ ತಂತಿಯ ಚಿಂತೆ.

ಟೈಲ್ಸು ಮುಚ್ಚುವ ದಿನ ಬೆಳಿಗ್ಗೆ ನಾನು ಅತ್ತೆಯನ್ನು ಕರೆತಂದು ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಅಷ್ಟು ದಿನ ಅವರು ಈ ಕೆಲಸದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ತಂತಿ ನೋಡಿ ಹುಬ್ಬು ಗಂಟಿಕ್ಕಿದರು.

"ಇದೇನಬೇ ಇದು?"

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ತಿಳಿಯದ್ದನ್ನು ತಿಳಿದದ್ದರ ಮೂಲಕ ಹೇಳಬೇಕು ಎಂಬುದು ನನಗೆ ರಕ್ತದಲ್ಲೇ ಇಳಿದಿದೆ.

"ಒಲಿ ರೀ ಅತ್ತಿ. ನಿಮ್ಮ ನೀರೊಲಿ ಕಿತ್ತ ಹಾಕಿದ್ನಲ್ಲ, ಅದನ್ನ ಈಗ ನೆಲದಾಗ ಇಟ್ಟು ಕೊಡಾಕತ್ತೇನಿ. ಹೊಗಿ ಇಲ್ಲ, ಬೂದಿ ಇಲ್ಲ."

ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. "ಹೌದನು? ಒಲಿ ಅಂದ್ರ ಹಂಗ ಮುಚ್ಚಬಾರದು" ಎಂದು ಎದ್ದೇಬಿಟ್ಟರು. ನಾನೇ ಓಡಿ ಹೋಗಿ ತಟ್ಟೆ ತಂದೆ. ಅತ್ತೆ ಆ ಜಾಳಿಗೆಯ ಅಂಚಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು, ಅರಿಷಿಣ ಕುಂಕುಮ ಏರಿಸಿದರು, ಹೂವಿಟ್ಟರು. ಹೊಸ ಒಲೆಗೆ ಮಾಡುವ ಹಾಗೆಯೇ ಒಂದು ಬಟ್ಟಲು ಹಾಲು ಎಡೆ ತೋರಿಸಿ, ಹಣೆ ಹಚ್ಚಿ ನಮಸ್ಕಾರ ಮಾಡಿದರು. ಸವಣೂರಿನವನು ತಲೆಯ ಟೊಪ್ಪಿಗೆ ಸರಿಮಾಡಿಕೊಂಡು ಸುಮ್ಮನೆ ನಿಂತಿದ್ದ. ಕುಂಕುಮದ ನೀರು ತಂತಿಗೆ ಇಳಿಯಲಿಲ್ಲವಷ್ಟೇ ಎಂದು ಆಮೇಲೆ ಮೀಟರು ಹಚ್ಚಿ ಮತ್ತೊಮ್ಮೆ ತಪಾಸಣೆ ಮಾಡಿದ. ಎಲ್ಲ ಸರಿಯಿತ್ತು. ಮೇಲೆ ಟೈಲ್ಸು ಬಂತು, ಈ ಸಲ ಕಾಲು ಜಾರದಂತೆ ಖರಖರಿ ಇರುವ ಬೂದು ಬಣ್ಣದ್ದು. ನನ್ನ ಬುದ್ಧಿವಂತಿಕೆಯನ್ನು ನಾನೇ ಮೆಚ್ಚಿಕೊಂಡೆ.

ಟೈಲ್ಸಿನ ಅಂಟು ಪೂರ್ತಿ ಒಣಗುವವರೆಗೆ ಕಾವು ಹಚ್ಚಬಾರದೆಂದು ಎಲೆಕ್ಟ್ರಿಷಿಯನ್ ಕಟ್ಟುನಿಟ್ಟು ಮಾಡಿದ್ದರಿಂದ ಮೂರು ವಾರ ಕಾದೆವು. ಅಷ್ಟು ದಿನ ಅತ್ತೆಯ ಸ್ನಾನ ಹಿತ್ತಲ ಕಲ್ಲಿನ ಮೇಲೆಯೇ ನಡೆಯಿತು, ನಾನು ಜೇಬಿಲ್ಲದ ಸೀರೆಯ ಸೆರಗಿನಲ್ಲಿ ಸಕ್ಕರೆ ಕಟ್ಟಿಕೊಂಡು ಅವರ ಹಿಂದೆ ತಿರುಗಿದೆ. ಮೂರು ವಾರ ತುಂಬಿದ ಸಂಜೆ ಎಲೆಕ್ಟ್ರಿಷಿಯನ್ನನೇ ಬಂದು, ಮೈಯ ಕಾವಿಗಿಂತ ಮೇಲೆ ಹೋಗದಂತೆ ಗೋಡೆಯ ಗುಂಡಿಯಲ್ಲಿ ಅಂಕೆ ಹಾಕಿಕೊಟ್ಟ. ಜೋಮು ಹಿಡಿದ ಕಾಲಿಗೆ ಸುಟ್ಟರೂ ಗೊತ್ತಾಗುವುದಿಲ್ಲ ಎಂದು ಡಾಕ್ಟರು ಎಚ್ಚರಿಸಿದ್ದರು. ಮರುದಿನ ಬೆಳಿಗ್ಗೆ ಆರಕ್ಕೆ ನಾನು ಮೊಣಕೈ ಹಚ್ಚಿ ನೋಡಿದೆ. ಮಗುವಿನ ಬೆನ್ನು ಮುಟ್ಟಿದ ಹಾಗೆ ಹಿತವಾದ ಬಿಸಿ.

"ಬರ್ರಿ ಅತ್ತಿ, ನೆಲ ಕಾದೈತಿ."

ಅತ್ತೆ ಬಂದರು. ಹೊಸ್ತಿಲ ಆಚೆ ನಿಂತರು. ಬಗ್ಗಿ, ಕೈಯಿಂದ ನೆಲ ಮುಟ್ಟಿ ನೋಡಿದರು. ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಹಿಂದೆ ಸರಿದರು.

"ಒಲಿ ಮ್ಯಾಲೆ ಕಾಲ ಇಡೂದಿಲ್ಲವಾ ನಾ."

ನಾನು ನಾಲಿಗೆ ಕಚ್ಚಿಕೊಂಡೆ. ಒಲೆಗೆ ಕಾಲು ತಾಗಿಸಬಾರದು, ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು ಎಂಬುದನ್ನು ನಮ್ಮ ಕಡೆ ಯಾವ ಹೆಣ್ಣುಮಗುವಿಗೂ ಬೇರೆ ಹೇಳಿಕೊಡಬೇಕಿಲ್ಲ. ಅಂಥದ್ದರಲ್ಲಿ ಇದನ್ನು ಒಲೆ ಎಂದು ಹೇಳಿದವಳು ನಾನು, ಪೂಜೆಗೆ ತಟ್ಟೆ ತಂದುಕೊಟ್ಟವಳೂ ನಾನು. ಬೇರೆ ಯಾವ ಊರಿನವರು ಬಚ್ಚಲಿನ ತಂತಿಗೆ ಹಾಲು ಎಡೆ ತೋರಿಸಿ ಇಂಥ ಪೇಚಿಗೆ ಬೀಳುತ್ತಿದ್ದರು?

ಸುಳ್ಳು ಹೇಳಿದೆ ಅತ್ತಿ, ಇದು ಒಲಿ ಅಲ್ಲ ಎಂದೆ. "ಪೂಜಿ ಮಾಡಿಸಿದಿ, ಈಗ ಅಲ್ಲ ಅಂದ್ರ?" ಎಂದರು. ಆರಿಸಿಬಿಡುತ್ತೇನೆ, ತಣ್ಣಗಾದ ಮೇಲೆ ಬರ್ರಿ ಎಂದೆ. ಸಿಟ್ಟಿನಲ್ಲಿ ನನಗೇ ತಿಳಿಯಲಿಲ್ಲ, ತಣ್ಣಗಾದರೆ ಇದನ್ನು ಹಾಕಿಸಿದ್ದಾದರೂ ಏಕೆ! "ಆರಿದ ಒಲಿನೂ ಒಲಿನ" ಎಂದರು. ಎಲೆಕ್ಟ್ರಿಷಿಯನ್ ಸವಣೂರಿನಿಂದ ತಿನ್ನುವ ಖಾರದ ಪೊಟ್ಟಣ ಹಿಡಿದುಕೊಂಡು ಬಂದು ತನ್ನ ಕೈಲಾದಷ್ಟು ಹೇಳಿ ನೋಡಿದ.

"ಅಮ್ಮಾರ, ಇದು ಇಸ್ತ್ರಿ ಪೆಟಗಿ ಇದ್ದಂಗ ಅಷ್ಟರೀ. ಒಳಗ ಒಂದ ತಂತಿ ಕಾಯತೈತಿ."

"ಇಸ್ತ್ರಿ ಪೆಟಗಿ ಮ್ಯಾಲೆ ನೀ ನಿಂದರ್ತಿ ಏನಪಾ?"

ಅವನು ಖಾರದ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, ಎಲೆ ಬಾಯಿಗೆ ಹಾಕಿಕೊಂಡು ಬಸ್ಸಿಗೆ ಹೋದ.

ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವಳು ನಾನು. ಅಷ್ಟು ಓಡಾಡಿ ನೆಲ ಅಗೆಸಿ ಮಾಡಿಸಿದ್ದನ್ನು ಹೊಸ್ತಿಲ ಆಚೆ ನಿಂತು ಕೈಮುಗಿದು ಹಿತ್ತಲಿಗೆ ನಡೆದುಬಿಟ್ಟರೆ ಹೇಗಾಗಬೇಡ? ಅವರ ಜೀವದ ಆಸೆ ಅವರಿಗಿಂತ ನನಗೇ ಹೆಚ್ಚಾಯಿತಲ್ಲ ಎನಿಸಿ ಅಡುಗೆಮನೆಯಿಂದಲೇ ಕೂಗಿದೆ. "ಹಂಗಾದ್ರ ಕೇಳ್ರಿ ಅತ್ತಿ, ನೀವು ಉಣ್ಣೂತನಕ ನಾನೂ ಉಣ್ಣೂದಿಲ್ಲ. ಒಂದ ಗಂಟಿ ಆಗಲಿ, ಎರಡ ಆಗಲಿ!"

ಅವರು ಹಿತ್ತಲ ಸ್ನಾನ ಬಿಡಲಿಲ್ಲ. ನಾನು ಆಡಿದ್ದನ್ನು ಬಿಡುವವಳೂ ಅಲ್ಲ. ಮೊದಲ ದಿನ ಹನ್ನೊಂದಕ್ಕೆ ತಲೆ ಸಿಡಿಯತೊಡಗಿತು. ಎರಡನೆಯ ದಿನ ಪಿತ್ತವೇರಿ ಎರಡು ಸಲ ವಾಂತಿ ಮಾಡಿದೆ. ನನ್ನ ಗಂಡ ಈ ಅತ್ತೆ ಸೊಸೆಯ ನಡುವೆ ಬಾಯಿ ಹಾಕದೆ, ಮೂವರ ಪಾಲಿನ ಉಪ್ಪಿಟ್ಟನ್ನೂ ತಾವೇ ತಿಂದು ಅಂಗಡಿಗೆ ಹೋದರು.

ಮೂರನೆಯ ದಿನ ಹತ್ತು ಗಂಟೆಯಿರಬೇಕು. ಅತ್ತೆ ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತು, ಒಗೆಯುವ ಕಲ್ಲು ಕಾಯುವುದನ್ನೇ ಕಾಯುತ್ತಿದ್ದರು. ನಾನು ಸ್ವಲ್ಪ ದೂರದಲ್ಲಿ ಮುಖ ಊದಿಸಿಕೊಂಡು ಮೆಂತ್ಯೆ ಸೊಪ್ಪು ಸೋಸುತ್ತಿದ್ದೆ.

"ಹೊಟ್ಟಿ ಹಸದೈತೇನ ನಿನಗ?" ಎಂದರು ಅತ್ತೆ.

"ಹಸದಿದ್ರ ಏನ ಮಾಡ್ತೀರಿ? ಯಾಕ ಕೇಳ್ತೀರಿ?"

"ಕೇಳಬೇಕಲ್ಲವಾ, ಅದಕ್ಕ ಕೇಳಿದೆ."

ಆಮೇಲೆ ತಮ್ಮ ಪಾದಗಳನ್ನೇ ನೋಡುತ್ತ ಹೇಳತೊಡಗಿದರು. ಹಿರೇಕೆರೂರ ಸೀಮೆಯ ಹಂಸಭಾವಿಯಿಂದ ಈ ಮನೆಗೆ ಬಂದಾಗ ಅವರಿಗೆ ಹದಿನೈದು ವರ್ಷ. ಅದು ಗೊತ್ತಿತ್ತು. ಮುಂದಿನದನ್ನು ನಾನು ಎಂದೂ ಕೇಳಿರಲಿಲ್ಲ.

"ಬಂದ ವರ್ಷ. ಹಿಂಗ ಥಂಡಿ ಇತ್ತು. ನಸುಕಿನ್ಯಾಗ ಬಾವಿಯಿಂದ ಹನ್ನೆರಡ ಕೊಡ ನೀರ ತಂದು ಹಂಡೇಕ ಹಾಕಿದ್ನಿ. ಕಾಲು ಸೆಟದು ಕಟಗಿ ಆಗಿದ್ದು. ಯಾರೂ ಎದ್ದಿಲ್ಲ ಅಂತ ತಿಳಕೊಂಡು ನೀರೊಲಿ ಮುಂದ ಕುಂತು ಎರಡೂ ಕಾಲ ಚಾಚಿದ್ನಿ. ಎಷ್ಟ ಹಿತಾ ಅನಿಸ್ತು ಅಂತಿ! ಹಂಗ ಕಣ್ಣ ಹತ್ತಿಬಿಟ್ಟೂ. ಕಣ್ಣ ತಗದ್ರ ನಮ್ಮತ್ತಿ ಮುಂದ ನಿಂತಾರ."

"ಏನಂದ್ರು?"

"ಒಲಿಗೆ ಕಾಲ ತೋರಸ್ತೀಯಾ ಅಂದ್ರು. ಒಂದ ಕೊಡ ಥಣ್ಣೀರ ತಂದು ನನ್ನ ಕಾಲ ಮ್ಯಾಲೆ ಸುರುವಿದ್ರು. ಇವತ್ತ ನಿನಗ ಅನ್ನ ಇಲ್ಲ ಅಂದ್ರು. ಅವತ್ತ ಮನ್ಯಾಗ ಹದಿನಾಕ ಮಂದಿ. ಎಲ್ಲಾರಿಗೂ ರೊಟ್ಟಿ ಬಡದಾಕಿ ನಾನ, ನೀಡಿದಾಕೀನೂ ನಾನ. ನಿನ್ನ ಮಾವನೂ ಕುಂತ ಉಂಡು ಕೈ ತೊಳಕೊಂಡು ಹ್ವಾದ್ರು."

ನನ್ನ ಕೈಯಲ್ಲಿನ ಸೊಪ್ಪು ಕೈಯಲ್ಲೇ ಉಳಿಯಿತು.

"ಹಸಿವಿ ಮರತೇನಿ ಯವ್ವಾ. ನಿನ್ನ ಹೊಟ್ಟಿ ಹಸದೈತೇನ ಅಂತ ಹದಿನಾಕ ಮಂದ್ಯಾಗ ಒಬ್ರೂ ಕೇಳಲಿಲ್ಲ, ಅದು ಮರ್ತಿಲ್ಲ. ಅವತ್ತಿನಿಂದ ಒಲಿ ಅಂದ್ರ ಸಾಕು, ಕಾಲು ತಾವ ಹಿಂದಕ್ಕ ಬರ್ತಾವ. ನಿನ್ನ ಮ್ಯಾಲಿನ ಸಿಟ್ಟಿಗೆ ಅಲ್ಲ."

ಇಷ್ಟು ದಿನ ಇದು ಅವರ ಹಠವೆಂದೂ ಮೂಢನಂಬಿಕೆಯೆಂದೂ ಗಂಡನ ಮುಂದೆ ಆಡಿಕೊಂಡಿದ್ದೆ. ನಾಚಿಕೆಯಾಯಿತು. ನೀರೊಲೆಯ ಹೊಗೆ ತಿಂದೆನೆಂದು ಮೂವತ್ತು ವರ್ಷ ಗೊಣಗಿದವಳು ನಾನು. ಅದೇ ಒಲೆಯ ಮುಂದೆ ಇವರು ಏನು ತಿಂದಿದ್ದರು ಎಂದು ಒಮ್ಮೆಯೂ ಕೇಳಿರಲಿಲ್ಲ. ಆ ಹದಿನಾಲ್ಕು ಮಂದಿಯಲ್ಲಿ ನಾನೂ ಒಬ್ಬಳು ಎನಿಸಿತು. ಸೊಪ್ಪು ಬದಿಗಿಟ್ಟು ಹೋಗಿ ಅವರ ಕಾಲ ಬಳಿ ಕೂತೆ. ಪಾದಗಳು ಬಿಸಿಲಲ್ಲೂ ಥಣ್ಣಗಿದ್ದವು. ನನ್ನ ಎರಡೂ ಅಂಗೈಯಲ್ಲಿ ಅವನ್ನು ಹಿಡಿದುಕೊಂಡೆ. ಬಿಡು, ಬಿಡು ಎಂದು ಅವರು ಎಳೆದುಕೊಳ್ಳಲು ನೋಡಿದರು, ನಾನು ಬಿಡಲಿಲ್ಲ.

"ಅತ್ತಿ, ಹಸದೈತ್ರಿ ನನಗ. ಭಾಳ ಹಸದೈತಿ" ಎಂದೆ. ಅಳುತ್ತಿದ್ದೆ ಎಂದು ಆಗ ಗೊತ್ತಾಯಿತು.

ಅವತ್ತು ಕೂಡ ಅವರು ಹಿತ್ತಲಲ್ಲೇ ಮಿಂದರು. ಮರುದಿನ ಆರಕ್ಕೆ ನಾನು ಏನೂ ಹೇಳದೆ ಗುಂಡಿ ಒತ್ತಿ, ಗೀಜರು ಹಚ್ಚಿ, ಅಡುಗೆಮನೆಗೆ ಹೋದೆ. ಕರೆಯಬಾರದು ಎಂದು ನಿರ್ಧರಿಸಿದ್ದೆ. ಕೆಲ ಹೊತ್ತಿಗೆ ಅವರ ಕೋಲಿನ ಸಪ್ಪಳ ಕೇಳಿತು. ಅದು ಬಚ್ಚಲ ಬಾಗಿಲವರೆಗೆ ಬಂದು ನಿಂತಿತು.

"ಏ ಟೀಚರವ್ವಾ, ಬಾ ಇಲ್ಲೆ."

ಹೋದೆ. ಅವರು ಹೊಸ್ತಿಲ ಆಚೆಯೇ ನಿಂತಿದ್ದರು.

"ಮೊದಲ ನೀ ಕಾಲ ಇಡು. ಪಾಪ ಬರೂದಿದ್ರ ಮೊದಲ ನಿನಗ ಬರಲಿ, ಆಮ್ಯಾಲೆ ಇಬ್ರೂ ಹಂಚಕೊಳ್ಳೂಣು."

ನಾನು ಒಳಗೆ ಹೋಗಿ ನಿಂತೆ. ಬಿಸಿ ಅಂಗಾಲಿನಿಂದ ಮೆಲ್ಲಗೆ ಏರಿತು. ನಿಜ ಹೇಳಬೇಕೆಂದರೆ ಅತ್ತೆಗಾಗಿ ಮಾಡಿಸಿದ ಆ ನೆಲದ ಮೇಲೆ ನಾನೂ ಅಲ್ಲಿಯವರೆಗೆ ಬರಿಗಾಲಿನಲ್ಲಿ ನಿಂತಿರಲಿಲ್ಲ. ಕೈ ಚಾಚಿದೆ. ಅವರು ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ನನ್ನ ಕೈ ಬಿಗಿಯಾಗಿ ಹಿಡಿದು, ಒಂದು ಕಾಲು ಇಟ್ಟರು. ಆಮೇಲೆ ಇನ್ನೊಂದು. ಹೆಬ್ಬೆರಳುಗಳು ಮೊದಲು ಮುದುರಿಕೊಂಡವು, ನಿಧಾನವಾಗಿ ಬಿಟ್ಟುಕೊಂಡವು.

ಇಬ್ಬರೂ ಹಾಗೆಯೇ ನಿಂತಿದ್ದೆವು. ಅವರ ಕಣ್ಣು ಮುಚ್ಚಿದ್ದವು. ನೋಯುತ್ತಿದೆಯೇನೋ ಎಂದು ನನಗೆ ಗಾಬರಿ.

"ಹೆಂಗ ಐತ್ರಿ ಅತ್ತಿ?"

ಅವರು ಕಣ್ಣು ತೆರೆಯದೆಯೇ ಹೇಳಿದರು.

"ನಮ್ಮತ್ತಿ ಕಾಲೂ ಥಣ್ಣಗ ಇದ್ದೂ ಅಂತ ಕಾಣತೈತಿ. ಆಕೀನ್ನೂ ಯಾರೂ ಕೇಳಿರಲಿಕ್ಕಿಲ್ಲ."